ಆಕಸ್ಮಿಕದ ಕೈಗುಣ

ಹದಿಮೂರು ಅಕ್ಷರಗಳ ಒಂದು ಸಾಲು ನನಗೆ ತುಂಬಾ ಇಷ್ಟ. ಸಿ ಎ ಎಸ್ ಎಸ್ ಐ, ಆರ್ ಎಸ್, ಎಸ್ ವೈ ಇ ಕ್ಯೂ ವೈ ಎಫ್. ಮೊದಲು ಐದು, ನಡುವೆ ಎರಡು, ಕೊನೆಗೆ ಆರು. ಒಬ್ಬನೇ ಕೂತಾಗ ಇದನ್ನು ಬಿಡುವು ಕೊಟ್ಟು ಕೊಟ್ಟು, ಎಲೆಯಡಿಕೆ ಮೆಲ್ಲುವ ನಿಧಾನದಲ್ಲಿ ಹೇಳಿಕೊಳ್ಳುತ್ತೇನೆ. ಒಂದೊಂದು ಅಕ್ಷರವೂ ಒಂದೊಂದು ಅಮೈನೊ ಆಮ್ಲದ ಗುರುತು. ನಮ್ಮ ರಕ್ತದಲ್ಲಿ ಸುತ್ತುವ ಟಿ ಕೋಶಗಳ ಮೈಮೇಲೆ ಗ್ರಾಹಕಗಳೆಂಬ ಪುಟ್ಟ ಪುಟ್ಟ ಕೈಗಳಿವೆ. ಹೊರಗಿನಿಂದ ಬಂದ ಚೂರನ್ನು ಮುಟ್ಟಿ ಗುರುತು ಹಿಡಿಯುವುದು ಅವುಗಳ ಕೆಲಸ. ಅಂಥ ಒಂದು ಕೈಯ ಬೆರಳ ತುದಿಯಲ್ಲಿ, ಸ್ಪರ್ಶ ಅತಿ ನವಿರಾಗಿರುವ ಜಾಗದಲ್ಲಿ, ಈ ಹದಿಮೂರು ಅಕ್ಷರ ಕೂತಿವೆ. ಈ ಬೆರಳಿಗೆ ಗೊತ್ತಿರುವುದು ಫ್ಲೂ ಜ್ವರದ ವೈರಸ್ಸು.

1991ರಲ್ಲಿ ಆಕ್ಸ್‌ಫರ್ಡಿನ ಸಂಶೋಧಕರು ಫ್ಲೂ ವೈರಸ್ಸಿನ ಎಂ1 ಪ್ರೋಟೀನಿನ ಒಂಬತ್ತು ಅಕ್ಷರದ ತುಣುಕೊಂದನ್ನು ಹಿಡಿಯುವ ಟಿ ಕೋಶಗಳನ್ನು ಬೇರೆ ಬೇರೆ ಜನರಿಂದ ತೆಗೆದು ಹೋಲಿಸಿದರು. ನೆಂಟಸ್ತಿಕೆ ಇಲ್ಲದವರ ರಕ್ತದಲ್ಲೂ ಒಂದೇ ಜಾಡಿನ ಗ್ರಾಹಕಗಳು ಸಿಕ್ಕವು. ಆಮೇಲೆ ಬಂದ ಅಧ್ಯಯನಗಳಲ್ಲೂ ಅದೇ ಚಿತ್ರ. ನಡುವಿನ ಆ ಆರ್ ಎಸ್ ಜೋಡಿ ಮತ್ತೆ ಮತ್ತೆ ಕಣ್ಣಿಗೆ ಬಿತ್ತು. ಇದರಲ್ಲಿ ಬೆರಗೇನೆಂದರೆ, ಈ ಸಾಲುಗಳನ್ನು ಯಾರೂ ತಂದೆತಾಯಿಯಿಂದ ಪಡೆದು ಹುಟ್ಟುವುದಿಲ್ಲ. ಪ್ರತಿಯೊಂದು ಟಿ ಕೋಶವೂ ಬೆಳೆಯುವಾಗ ತನ್ನ ಸಾಲನ್ನು ತಾನೇ ಕತ್ತರಿಸಿ, ಹೊಸೆದು, ಹೆಚ್ಚಿನ ಮಟ್ಟಿಗೆ ಆಕಸ್ಮಿಕಕ್ಕೆ ಬಿಟ್ಟು ಕಟ್ಟಿಕೊಳ್ಳುತ್ತದೆ. ಆಕಸ್ಮಿಕವಾಗಿ ಕಟ್ಟಿದ್ದು ಹೀಗೆ ಮನೆ ಮನೆಯಲ್ಲೂ ಒಂದೇ ಥರ ಆಗುವುದಾದರೆ, ಆ ಆಕಸ್ಮಿಕಕ್ಕೂ ಒಂದು ಕೈಗುಣ ಇರಬೇಕು. ಆ ಕೈಗುಣದ ರುಚಿಯನ್ನು ನಿಮಗೂ ಹತ್ತಿಸುವ ಆಸೆ ನನಗೆ.

ನಮ್ಮ ಅಜ್ಜಿಯ ಪೆಟ್ಟಿಗೆಯಲ್ಲಿ ಒಂದು ಇಳಕಲ್ ಸೀರೆ ಇತ್ತು. ಒಡಲು ಹತ್ತಿಯದು, ಸೆರಗು ರೇಷ್ಮೆಯದು. ಅಜ್ಜಿ ನನ್ನ ಬೆರಳನ್ನು ಹಿಡಿದು ಒಡಲು ಸೆರಗು ಕೂಡುವ ಗೆರೆಯ ಮೇಲೆ ಓಡಿಸುತ್ತಿದ್ದಳು. ಅಲ್ಲಿ ಒಂದು ಹಾಸಿನ ಎಳೆಗಳನ್ನು ಇನ್ನೊಂದು ಹಾಸಿನ ಎಳೆಗಳಿಗೆ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ತಿಳಿಯುವಷ್ಟು ಸಣ್ಣ ಏರು. ನೇಯುವವರ ಕೈ ಎಂಥದ್ದೆಂದು ಅಲ್ಲೇ ಗೊತ್ತಾಗುತ್ತದೆ ಅನ್ನುತ್ತಿದ್ದಳು. ಗ್ರಾಹಕದ ಹದಿಮೂರು ಅಕ್ಷರಗಳನ್ನು ನಾನು ಓದುವುದೂ ಹಾಗೆಯೇ, ಬೆರಳನ್ನು ಸಂದಿನ ಮೇಲೆ ಓಡಿಸುತ್ತಾ.

ಮೊದಲ ಐದು ಅಕ್ಷರ, ಸಿ ಎ ಎಸ್ ಎಸ್ ಐ, ಒಡಲು. ಅವು ನಮ್ಮ 7ನೇ ವರ್ಣತಂತುವಿನಲ್ಲಿರುವ ಟಿಆರ್‌ಬಿವಿ19 ಎಂಬ ತುಂಡಿನ ಕೊನೆಯ ಅಕ್ಷರಗಳು. ಕೊನೆಯ ಆರು, ಎಸ್ ವೈ ಇ ಕ್ಯೂ ವೈ ಎಫ್, ಸೆರಗು. ಅವು ಅದೇ ವರ್ಣತಂತುವಿನಲ್ಲಿ ದೂರದಲ್ಲಿರುವ ಟಿಆರ್‌ಬಿಜೆ2-7 ಎಂಬ ಇನ್ನೊಂದು ತುಂಡಿನವು. ಎರಡನ್ನೂ ಕೂಡಿಸಿದ ಕಡೆ ಉಳಿದ ಎರಡೇ ಎರಡು ಅಕ್ಷರ, ಆರ್ ಎಸ್, ಸಂದು. ಇಡೀ ಬೆರಳಿನ ಜಾಣ್ಮೆ ಆ ಸಂದಿನಲ್ಲಿ ಕೂತಿದೆ.

ಅದು ಎಷ್ಟು ಸೊಗಸಾಗಿ ಕೂತಿದೆ ಎನ್ನುವುದು 2003ರಲ್ಲಿ ಕಂಡಿತು. ನಮ್ಮ ಸಾಲಿಗೆ ಒಂದೇ ಅಕ್ಷರ ಬೇರೆಯಾದ ಒಡಹುಟ್ಟಿನಂಥ ಗ್ರಾಹಕವೊಂದನ್ನು ಹರಳುಗಟ್ಟಿಸಿ, ಎಕ್ಸ್-ಕಿರಣ ಹಾಯಿಸಿ, ಅದು ಫ್ಲೂ ತುಣುಕನ್ನು ಹಿಡಿದಿರುವ ಭಂಗಿಯನ್ನೇ ಆಕ್ಸ್‌ಫರ್ಡಿನವರು ಬಿಡಿಸಿ ತೋರಿಸಿದರು. ಆ ಎಂ1 ತುಣುಕು ಬಹಳ ಸಪ್ಪೆಯದು. ಕೋಶದ ಮೇಲಿನ ಎಚ್‌ಎಲ್‌ಎ-ಎ2 ಎಂಬ ತಟ್ಟೆಯಲ್ಲಿ ಮೈಚಾಚಿ ಮಲಗಿರುತ್ತದೆ. ಹಿಡಿಯಲು ಎದ್ದು ನಿಂತ ಉಬ್ಬಿಲ್ಲ, ಮೂಲೆಯಿಲ್ಲ. ಆದರೆ ತುಣುಕಿಗೂ ತಟ್ಟೆಯ ಅಂಚಿಗೂ ನಡುವೆ ಒಂದು ಕಿರಿದಾದ ಕಚ್ಚು ಇದೆ. ಆರ್, ಅಂದರೆ ಆರ್ಜಿನೀನ್, ಉದ್ದನೆಯ ತೋಳಿನ ಅಮೈನೊ ಆಮ್ಲ. ಆ ತೋಳು ಮೆಲ್ಲನೆ ಇಳಿದು, ಆ ಕಚ್ಚಿನೊಳಗೆ ನುಸುಳಿ, ಅಲ್ಲಿ ನಿಲ್ಲುತ್ತದೆ. ಹಳೆಯ ತೊಟ್ಟಿಮನೆಯ ಬಾಗಿಲಿನ ಅಗುಳಿ ತನ್ನ ತೂತಿಗೆ ಇಳಿದು ಕೂರುವ ಹಾಗೆ. ಆ ಚಿತ್ರವನ್ನು ನಾನು ಎಷ್ಟು ಸಲ ನೋಡಿದ್ದೇನೋ, ಪ್ರತಿ ಸಲವೂ ಅಗುಳಿ ಬಿದ್ದ ಸದ್ದು ಕೇಳಿದಂತಾಗುತ್ತದೆ.

ತುಂಡುಗಳನ್ನು ಕತ್ತರಿಸಿ ಕೂಡಿಸುವ ಈ ಕಲೆ ನಮ್ಮ ಕೋಶಗಳಲ್ಲಿದೆ ಎಂದು ತೋರಿಸಿಕೊಟ್ಟವರು ಸುಸುಮು ತೊನೆಗಾವ. ಜಪಾನಿನವರು. ಅಮೆರಿಕದಲ್ಲಿ ಇರುವ ಅವಧಿ ಮುಗಿಯುತ್ತಾ ಬಂದಾಗ ಹಿರಿಯ ವಿಜ್ಞಾನಿ ರೆನಾಟೊ ಡುಲ್ಬೆಕೊ ಅವರ ಸಲಹೆಯಂತೆ 1971ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನ ರೋಗನಿರೋಧಶಾಸ್ತ್ರ ಸಂಸ್ಥೆಗೆ ಹೋದರು. 1976ರಲ್ಲಿ ಅವರೂ ನೊಬುಮಿಚಿ ಹೊಜುಮಿಯೂ ಪ್ರಕಟಿಸಿದ ಪ್ರಯೋಗ ಎಂಥ ನಿರಾಡಂಬರ ಚೆಲುವಿನದು ನೋಡಿ. ಇಲಿಯ ಭ್ರೂಣದ ಡಿಎನ್‌ಎ ಒಂದು ಕಡೆ, ಪ್ರತಿಕಾಯ ತಯಾರಿಸುವ ಕೋಶಗಳ ಗೆಡ್ಡೆಯ ಡಿಎನ್‌ಎ ಇನ್ನೊಂದು ಕಡೆ. ಎರಡನ್ನೂ ಒಂದೇ ಕಿಣ್ವದಿಂದ ಕತ್ತರಿಸಿ, ಜೆಲ್ಲಿನಲ್ಲಿ ಗಾತ್ರಕ್ಕೆ ತಕ್ಕಂತೆ ಹರಡಿದರು. ಭ್ರೂಣದಲ್ಲಿ ಪ್ರತಿಕಾಯದ ವಂಶವಾಹಿಯ ಎರಡು ಭಾಗ ಎರಡು ಜಾಗದಲ್ಲಿದ್ದವು. ಬೆಳೆದ ಕೋಶದಲ್ಲಿ ಒಂದೇ ಜಾಗದಲ್ಲಿ. ಬೇರೆ ಬೇರೆ ಇದ್ದದ್ದು ಕೂಡಿಕೊಂಡಿತ್ತು. ಹುಟ್ಟಿನಿಂದ ಸಾವಿನ ತನಕ ಕದಲುವುದಿಲ್ಲ ಎಂದುಕೊಂಡಿದ್ದ ಡಿಎನ್‌ಎ, ಮೈಯೊಳಗೇ ಹರಿದು ಹೊಲಿದುಕೊಳ್ಳುತ್ತಿತ್ತು. 1987ರ ನೊಬೆಲ್ ಬಹುಮಾನ ತೊನೆಗಾವ ಒಬ್ಬರಿಗೇ ಬಂತು.

ಟಿ ಕೋಶದ ಗ್ರಾಹಕಗಳೂ ಹೀಗೆಯೇ ಹೊಲಿದುಕೊಂಡವು. ಅವುಗಳ ಹೊಲಿಗೆಯ ಸಾಮಾನು ಎಷ್ಟಿದೆ? 1996ರಲ್ಲಿ ಲೀ ರೋವೆನ್, ಬೆನ್ ಕೂಪ್, ಲೀರಾಯ್ ಹುಡ್ ಅವರು 7ನೇ ವರ್ಣತಂತುವಿನಲ್ಲಿ ಆ ತುಂಡುಗಳಿರುವ ಭಾಗವನ್ನು ಪೂರ್ತಿ ಓದಿ ಮುಗಿಸಿದರು. 6 ಲಕ್ಷ 85 ಸಾವಿರ ಡಿಎನ್‌ಎ ಅಕ್ಷರ. ಅದರಲ್ಲಿ ಕೆಲಸಕ್ಕೆ ಬರುವ, ಒಡಲಿನ ವಿ ತುಂಡುಗಳು 48ರ ಆಸುಪಾಸು, ನಡುವೆ ಕೂರುವ ಡಿ ತುಂಡು ಎರಡು, ಸೆರಗಿನ ಜೆ ತುಂಡು 13. ಒಂದೊಂದನ್ನು ಆಯ್ದು ಕೂಡಿಸಿದರೆ ಸಾವಿರದ ಇನ್ನೂರು ಚಿಲ್ಲರೆ ಬಗೆಯಾಗುತ್ತದೆ. ನಮ್ಮ ಮೈಯಲ್ಲಿರುವ ಟಿ ಕೋಶಗಳು ಸುಮಾರು 40 ಸಾವಿರ ಕೋಟಿ. ಉಳಿದ ಅಪಾರ ವೈವಿಧ್ಯವೆಲ್ಲ ಬರುವುದು ಆ ಸಂದಿನಿಂದ, ಬೆರಳಿಗೆ ಮಾತ್ರ ತಿಳಿಯುವ ಆ ಏರಿನಿಂದ.

ಆ ಸಂದು ಆಗುವ ಬಗೆಯನ್ನು ಸ್ವಲ್ಪ ನಿಂತು ನೋಡೋಣ.

ಪ್ರತಿ ತುಂಡಿನ ಅಂಚಿನಲ್ಲೂ ಒಂದು ಗುರುತಿದೆ. ಏಳು ಅಕ್ಷರ, ನಡುವೆ ಒಂದು ಬಯಲು, ಆಮೇಲೆ ಒಂಬತ್ತು ಅಕ್ಷರ. ಬಯಲು 12 ಅಕ್ಷರದ್ದಿರಬಹುದು ಇಲ್ಲವೇ 23ರದ್ದು. ಡಿಎನ್‌ಎಯ ತಿರುಚಿನಲ್ಲಿ ಒಂದು ಸುತ್ತು, ಇಲ್ಲವೇ ಎರಡು ಸುತ್ತು. ಒಂದು ಸುತ್ತಿನದು ಎರಡು ಸುತ್ತಿನದನ್ನೇ ಕೂಡಬೇಕು. ಒಂದೇ ಬೆಡಗಿನವರು ಬೀಗರಾಗುವುದಿಲ್ಲ ಎನ್ನುವ ಕಟ್ಟಳೆಯಂತೆ ಇದನ್ನು ಕೋಶ ಪಾಲಿಸುತ್ತದೆ. ಈ ಗುರುತನ್ನು ಓದುವುದು ರ‍್ಯಾಗ್1, ರ‍್ಯಾಗ್2 ಎಂಬ ಜೋಡಿ ಪ್ರೋಟೀನು. ಡೇವಿಡ್ ಶಾಟ್ಜ್, ಮಾರ್ಜೊರಿ ಒಟ್ಟಿಂಜರ್, ಡೇವಿಡ್ ಬಾಲ್ಟಿಮೋರ್ ಅವರು 1989 ಮತ್ತು 1990ರಲ್ಲಿ ಇವನ್ನು ಪತ್ತೆ ಮಾಡಿದರು. ರ‍್ಯಾಗ್ ಕತ್ತರಿಸಿದಾಗ ತುಂಡಿನ ತುದಿ ತೆರೆದುಕೊಂಡು ನಿಲ್ಲುವುದಿಲ್ಲ. ಎರಡು ಎಳೆಗಳೂ ಬಾಗಿ ಒಂದಕ್ಕೊಂದು ಸೇರಿ ಮುಚ್ಚಿಕೊಳ್ಳುತ್ತವೆ, ಆಗುಂಬೆ ಘಾಟಿಯ ಹೇರ್‌ಪಿನ್ ತಿರುವಿನ ಹಾಗೆ. ಆಗ ಬರುತ್ತದೆ ಆರ್ಟೆಮಿಸ್, ಗ್ರೀಕರ ಬೇಟೆದೇವತೆಯ ಹೆಸರು ಹೊತ್ತ ಕಿಣ್ವ. ಆ ತಿರುವನ್ನು ಸೀಳುತ್ತದೆ. ಸರಿಯಾಗಿ ನಡುಮಧ್ಯಕ್ಕೇ ಸೀಳಬೇಕೆಂದಿಲ್ಲ. ಒಂದೆರಡು ಅಕ್ಷರ ಆಚೆ ಈಚೆ. ಆ ಆಚೆ ಈಚೆಯೇ ರುಚಿಯ ಮೊದಲ ಚಿಟಿಕೆ. ಆಮೇಲೆ ತುದಿಯ ಕೆಲವು ಅಕ್ಷರಗಳನ್ನು ಸವರಿ ತೆಗೆಯುವ ಕೆಲಸ. ಎಷ್ಟು ಸವರಬೇಕೆಂಬ ಅಳತೆಗೋಲು ಅಲ್ಲಿಲ್ಲ.

ಇನ್ನು ಬರುವುದು ನನಗೆ ಎಲ್ಲಕ್ಕಿಂತ ಪ್ರಿಯವಾದ ಕೈ. ಹೆಸರು ಟಿಡಿಟಿ. ಡಿಎನ್‌ಎ ಬರೆಯುವ ಕಿಣ್ವಗಳು ಸಾಮಾನ್ಯವಾಗಿ ಎದುರಿನ ಎಳೆಯನ್ನು ನೋಡಿಕೊಂಡು ನಕಲು ತೆಗೆಯುತ್ತವೆ. ಟಿಡಿಟಿ ಏನನ್ನೂ ನೋಡುವುದಿಲ್ಲ. ಮುಂದೆ ಮಾದರಿಯಿಲ್ಲ. ತೆರೆದ ತುದಿಗೆ ಒಂದು ಅಕ್ಷರ ಇಡುತ್ತದೆ. ಇನ್ನೊಂದು. ಮತ್ತೊಂದು. ಜಿ ಅಕ್ಷರದ ಕಡೆಗೆ ಅದಕ್ಕೆ ಸ್ವಲ್ಪ ಒಲವು. ಮೂರು ಇಟ್ಟು ನಿಲ್ಲಬಹುದು, ಏಳು ಇಟ್ಟು ನಿಲ್ಲಬಹುದು, ಒಂದೂ ಇಡದೆ ಸುಮ್ಮನಾಗಬಹುದು. ತಂದೆತಾಯಿ ಕೊಟ್ಟ ತುಂಡುಗಳಲ್ಲಿ ಬರೆದಿರದ ಅಕ್ಷರಗಳು ಅಲ್ಲಿ, ಆ ಗಳಿಗೆಯಲ್ಲಿ, ಒಂದು ಕೋಶದ ಕತ್ತಲೆಯಲ್ಲಿ ಮೊದಲ ಸಲ ಮೂಡುತ್ತವೆ. ಕೊನೆಗೆ ಲೈಗೇಸ್ 4 ಎಂಬ ಕಿಣ್ವ ಎರಡು ತುದಿಗಳನ್ನು ಬೆಸೆದು ಮುಚ್ಚುತ್ತದೆ. ನಮ್ಮ ಸಾಲಿನ ಆರ್ ಎಸ್ ಆದದ್ದು ಹೀಗೆ. ಸವೆದು ಉಳಿದ ಡಿ ತುಂಡಿನ ಚೂರು, ಟಿಡಿಟಿ ಇಟ್ಟ ಅಕ್ಷರ, ಎರಡೂ ಬೆರೆತ ಒಂದು ಹದ.

ಈಗ ಕೈಗುಣಕ್ಕೆ ಬರುತ್ತೇನೆ. ಒಂದೇ ಬೇಳೆ, ಒಂದೇ ಹುಣಸೆ, ಒಂದೇ ಸಾರಿನ ಪುಡಿ; ಆದರೂ ಅಕ್ಕ ಮಾಡಿದ ಸಾರು ಬೇರೆ, ತಂಗಿ ಮಾಡಿದ್ದು ಬೇರೆ. ಅಳತೆಗೆ ಸಿಗದ ಆ ಒಂದು ವ್ಯತ್ಯಾಸಕ್ಕೆ ನಮ್ಮಲ್ಲಿ ಎಂಥ ಚೆಂದದ ಮಾತಿದೆ! ಗ್ರಾಹಕಗಳ ಹೊಲಿಗೆಯಲ್ಲೂ ಅದು ಇದೆ, ಅದು ವಂಶದಿಂದ ಬರುತ್ತದೆ ಎಂದು ಸಾಕ್ಷಿ ಸಮೇತ ತೋರಿದ್ದು 2022ರಲ್ಲಿ. ಮ್ಯಾಗ್ಡಲೀನಾ ರಸೆಲ್, ಫಿಲಿಪ್ ಬ್ರಾಡ್ಲಿ, ಫ್ರೆಡೆರಿಕ್ ಮ್ಯಾಟ್ಸೆನ್ ಮತ್ತು ಸಂಗಡಿಗರು ನೂರಾರು ಜನರ ಟಿ ಕೋಶ ಗ್ರಾಹಕಗಳನ್ನೂ ಅದೇ ಜನರ ಇಡೀ ಜೀನೋಮಿನ ವ್ಯತ್ಯಾಸಗಳನ್ನೂ ಪಕ್ಕಪಕ್ಕ ಇಟ್ಟು ಓದಿದರು. ಯಾವ ವಿ, ಯಾವ ಜೆ ತುಂಡನ್ನು ಎಷ್ಟು ಸಲ ಆಯುತ್ತಾರೆ ಎನ್ನುವುದು ಆ ತುಂಡುಗಳಿರುವ ಜಾಗದಲ್ಲೇ ಆದ ಅಕ್ಷರ ವ್ಯತ್ಯಾಸಗಳ ಜೊತೆ ಹೊಂದಿಕೊಂಡಿತ್ತು. ಅದು ನಿರೀಕ್ಷಿಸಿದ್ದೇ. ಮನಸ್ಸು ತಣಿಯುವುದು ಮುಂದಿನದರಲ್ಲಿ. ತುದಿಗಳನ್ನು ಎಷ್ಟು ಸವರುತ್ತಾರೆ ಎನ್ನುವುದು ಆರ್ಟೆಮಿಸ್ ವಂಶವಾಹಿಯ ವ್ಯತ್ಯಾಸಕ್ಕೆ ತಳಕು ಹಾಕಿಕೊಂಡಿತ್ತು. ಸಂದಿನಲ್ಲಿ ಎಷ್ಟು ಅಕ್ಷರ ಸೇರಿಸುತ್ತಾರೆ ಎನ್ನುವುದು ಟಿಡಿಟಿ ವಂಶವಾಹಿಯ ವ್ಯತ್ಯಾಸಕ್ಕೆ. ಈ ಎರಡು ವಂಶವಾಹಿಗಳೂ ಇರುವುದು 10ನೇ ವರ್ಣತಂತುವಿನಲ್ಲಿ, ಹೊಲಿಗೆ ನಡೆಯುವ ಜಾಗದಿಂದ ಬಹುದೂರ. ಸೀರೆ ಒಂದು ಊರಿನದು, ಕೈಗುಣ ಇನ್ನೊಂದು ಊರಿನದು.

ನಿಧಾನವಾಗಿ ಯೋಚಿಸಿ. ನಿಮ್ಮ ತಂದೆತಾಯಿ ನಿಮಗೆ ಒಂದೇ ಒಂದು ಸಿದ್ಧ ಗ್ರಾಹಕವನ್ನೂ ಕೊಟ್ಟಿಲ್ಲ. ಕೊಟ್ಟದ್ದು ತುಂಡುಗಳ ಪೆಟ್ಟಿಗೆ. ಅದರ ಜೊತೆಗೆ ಕತ್ತರಿ ಹಿಡಿಯುವ ರೀತಿ, ಚಿಟಿಕೆ ಹಾಕುವ ರೀತಿ. ಒಬ್ಬರ ಮನೆತನದಲ್ಲಿ ಕೊಂಚ ಹೆಚ್ಚು ಸವರುವ ಕೈ, ಇನ್ನೊಬ್ಬರ ಮನೆತನದಲ್ಲಿ ಒಂದಕ್ಷರ ಜಾಸ್ತಿ ಸೇರಿಸುವ ಕೈ. ಒಂದೊಂದು ಕೋಶದಲ್ಲಿ ನೋಡಿದರೆ ಶುದ್ಧ ಆಕಸ್ಮಿಕ. ಕೋಟಿ ಕೋಟಿ ಕೋಶಗಳನ್ನು ಒಟ್ಟಿಗೆ ನೋಡಿದಾಗ ಅದರ ಹಿಂದಿನ ಕೈ ಗೋಚರಿಸುತ್ತದೆ. ಒಂದೇ ಭ್ರೂಣದಿಂದ ಒಡೆದ ಅವಳಿಗಳಲ್ಲೂ ಇದೇ ಕಾಣುತ್ತದೆ. ಯಾವ ತುಂಡುಗಳನ್ನು ಹೆಚ್ಚು ಬಳಸುತ್ತಾರೆ ಎನ್ನುವುದರಲ್ಲಿ ಅವಳಿಗಳು ಬೇರೆಯವರಿಗಿಂತ ಹೆಚ್ಚು ಹೋಲುತ್ತಾರೆ. ಆದರೆ ಸಂದಿನ ಅಕ್ಷರಗಳಿಗೆ ಬಂದರೆ ಇಬ್ಬರ ಬಹುಪಾಲು ಗ್ರಾಹಕಗಳು ಬೇರೆ ಬೇರೆಯೇ.

ಕೈಗುಣವನ್ನು ಶುದ್ಧವಾಗಿ ಓದುವುದಕ್ಕೆ ವಿಜ್ಞಾನಿಗಳು ಹುಡುಕಿಕೊಂಡ ಉಪಾಯ ನನ್ನ ಮಟ್ಟಿಗೆ ಇಡೀ ಕಥೆಯ ಬೆಲ್ಲದಚ್ಚು. ಡಿಎನ್‌ಎಯನ್ನು ಕೋಶ ಮೂರು ಮೂರು ಅಕ್ಷರವಾಗಿ ಓದುತ್ತದೆ. ಸಂದಿನಲ್ಲಿ ಅಕ್ಷರ ಹೆಚ್ಚು ಕಡಿಮೆ ಆಗುವುದರಿಂದ ಮೂರರಲ್ಲಿ ಎರಡು ಸಲ ಲೆಕ್ಕ ತಪ್ಪಿ, ಓದಲಾಗದ ಸಾಲು ಹುಟ್ಟುತ್ತದೆ. ಆಗ ಕೋಶ ತನ್ನ ಇನ್ನೊಂದು 7ನೇ ವರ್ಣತಂತುವಿನಲ್ಲಿ ಮತ್ತೆ ಹೊಲಿಯಲು ಕೂರುತ್ತದೆ. ಅಲ್ಲಿ ಸರಿಯಾಗಿ ಬಂದರೆ ಬದುಕುತ್ತದೆ. ಮೊದಲ ಹೊಲಿಗೆಯನ್ನು ಬಿಚ್ಚುವುದಿಲ್ಲ. ಅದು ಅದೇ ಕೋಶದೊಳಗೆ ಹಾಗೇ ಉಳಿಯುತ್ತದೆ. ಆ ಸಾಲು ಪ್ರೋಟೀನಾಗಲಿಲ್ಲ, ಯಾವ ಪರೀಕ್ಷೆಗೂ ಕೂರಲಿಲ್ಲ, ಯಾರ ಮೆಚ್ಚುಗೆಗೂ ಕಾಯಲಿಲ್ಲ. ಕವಿಯ ಮೇಜಿನಲ್ಲಿ ಉಳಿದ ಕರಡಿನ ಹಾಳೆಯಂತೆ ಅದು ಕೈಯ ಚಲನೆಯನ್ನು ಇದ್ದದ್ದು ಇದ್ದ ಹಾಗೆ ಹಿಡಿದಿಟ್ಟಿದೆ. ನಾನು ಆ ಕೆಲಸಕ್ಕೆ ಬಾರದ ಸಾಲುಗಳನ್ನು ಪ್ರೀತಿಸುತ್ತೇನೆ. ಕೈ ಕಾಣುವುದು ಅಲ್ಲಿ.

ಓದಲು ಬರುವ ಸಾಲುಗಳು ಮಾತ್ರ ಪರೀಕ್ಷೆ ದಾಟಬೇಕು. ಎದೆಗೂಡಿನ ಮೇಲ್ಭಾಗದಲ್ಲಿ, ಹೃದಯದ ಮುಂದೆ, ಥೈಮಸ್ ಎಂಬ ಮೃದುವಾದ ಗ್ರಂಥಿ ಇದೆ. ಬಾಲ್ಯದಲ್ಲಿ ಕೊಬ್ಬಿ, ವಯಸ್ಸಾದಂತೆ ಸೊರಗುವ ಗ್ರಂಥಿ. ಅಲ್ಲಿ ಪ್ರತಿ ಎಳೆಯ ಟಿ ಕೋಶವೂ ನಮ್ಮದೇ ಎಚ್‌ಎಲ್‌ಎ ತಟ್ಟೆಗಳನ್ನು ಮುಟ್ಟಿ ನೋಡಬೇಕು. ಏನೂ ತಿಳಿಯದ ಬೆರಳು ಅಲ್ಲೇ ಸಾಯುತ್ತದೆ. ನಮ್ಮದೇ ಚೂರುಗಳನ್ನು ಬಿಗಿಯಾಗಿ ಹಿಡಿದುಕೊಳ್ಳುವ ಬೆರಳನ್ನು ಹೆಚ್ಚಾಗಿ ಅಲ್ಲೇ ಕಳೆದುಬಿಡುತ್ತಾರೆ. ಹಗುರವಾಗಿ, ಮರ್ಯಾದೆಯಿಂದ ಮುಟ್ಟುವ ಬೆರಳು ಉಳಿದು ಹೊರಗೆ ಬರುತ್ತದೆ. ಹೋದವರೇ ಬಹುಪಾಲು, ಉಳಿದವರು ಬೆರಳೆಣಿಕೆ. ಎಚ್‌ಎಲ್‌ಎ ವಂಶವಾಹಿಗಳು ಮನುಷ್ಯರಲ್ಲಿ ಅತಿ ಹೆಚ್ಚು ರೂಪಭೇದ ಇರುವಂಥವು; 6ನೇ ವರ್ಣತಂತುವಿನಲ್ಲಿ ತಮ್ಮದೇ ಅಂಗಳ ಮಾಡಿಕೊಂಡು ಕೂತಿವೆ. ಹಾಗಾಗಿ ಒರೆಗಲ್ಲು ಮನೆಗೊಂದು ಬಗೆ. 2016ರಲ್ಲಿ ಐಲೋನ್ ಶರೋನ್ ಮತ್ತು ಸಂಗಡಿಗರು ಎಚ್‌ಎಲ್‌ಎ ರೂಪಭೇದಕ್ಕೆ ತಕ್ಕಂತೆ ವಿ ತುಂಡುಗಳ ಬಳಕೆ ವಾಲುತ್ತದೆಂದು ತೋರಿದ್ದರು. 2022ರ ಓದಿನಲ್ಲಿ ಈ ಛಾಯೆ ಪರೀಕ್ಷೆ ದಾಟಿದ ಸಾಲುಗಳಲ್ಲಷ್ಟೇ ಕಂಡಿತು. ಕರಡುಗಳಲ್ಲಿ ಕೈಗುಣ, ಅಂತಿಮ ಪ್ರತಿಯಲ್ಲಿ ಕೈಗುಣದ ಮೇಲೆ ಒರೆಗಲ್ಲಿನ ಗೆರೆ. ಇಷ್ಟು ಅಚ್ಚುಕಟ್ಟಾಗಿ ಎರಡನ್ನೂ ಬಿಡಿಸಿಟ್ಟು ತೋರಿಸುವ ಪುರಾವೆ ಜೀವವಿಜ್ಞಾನದಲ್ಲಿ ಅಪರೂಪ.

ಪ್ರತಿಕಾಯ ಮಾಡುವ ಬಿ ಕೋಶಗಳೂ ಇದೇ ನೇಕಾರರ ಕೇರಿಯವು. ಅಲ್ಲಿ ಒಂದು ಅಕ್ಷರದ ಬೆಲೆ ಎಷ್ಟೆಂಬುದಕ್ಕೆ ಎರಡು ಉದಾಹರಣೆ ಸಾಕು. ಅಮೆರಿಕದ ನವಾಹೊ ಜನರ ಮಕ್ಕಳನ್ನು ಹಿಮೋಫಿಲಸ್ ಇನ್‌ಫ್ಲುಯೆಂಜಿ ಬಿ ಎಂಬ ಬ್ಯಾಕ್ಟೀರಿಯ ಬೇರೆಯವರಿಗಿಂತ ಹಲವು ಪಟ್ಟು ಹೆಚ್ಚು ಕಾಡುತ್ತಿತ್ತು. ಆ ಬ್ಯಾಕ್ಟೀರಿಯದ ವಿರುದ್ಧ ಎ2 ಎಂಬ ವಿ ತುಂಡಿನಿಂದ ಕಟ್ಟಿದ ಪ್ರತಿಕಾಯಗಳು ಮುಖ್ಯ. 1996ರಲ್ಲಿ ಆನ್ ಫೀನಿ ಮತ್ತು ಸಂಗಡಿಗರು ನವಾಹೊ ಜನರಲ್ಲಿ ಹೆಚ್ಚಾಗಿರುವ ಒಂದು ಎ2 ರೂಪವನ್ನು ಓದಿದಾಗ, ರ‍್ಯಾಗ್ ಗುರುತಿಸುವ ಆ ಏಳು ಅಕ್ಷರದಲ್ಲಿ ಒಂದು ಬದಲಾಗಿತ್ತು. ತುಂಡು ಪೆಟ್ಟಿಗೆಯಲ್ಲೇ ಇದೆ. ಅದರ ಅಂಚಿನ ಗುರುತು ಮಾಸಿರುವುದರಿಂದ ಕತ್ತರಿ ಅದನ್ನು ಅಪರೂಪಕ್ಕೆ ಮಾತ್ರ ಎತ್ತಿಕೊಳ್ಳುತ್ತದೆ. ಇಡೀ ಒಂದು ಜನಸಮುದಾಯದ ನೋವಿನ ಹಿಂದೆ ಈ ಒಂದು ಅಕ್ಷರದ ಪಾಲೂ ಇರಬಹುದೆಂದು ಅವರು ಬರೆದರು. ಅದನ್ನು ಓದಿದ ದಿನ ನನ್ನ ಗಂಟಲು ಕಟ್ಟಿತ್ತು.

ಇನ್ನೊಂದು, ಏಡ್ಸ್ ವೈರಸ್ಸಿನ ವಿರುದ್ಧದ ಲಸಿಕೆಯ ಹುಡುಕಾಟದ್ದು. ವಿಆರ್‌ಸಿ01 ಎಂಬ ಬಲಿಷ್ಠ ಪ್ರತಿಕಾಯದ ಮನೆತನ ಹುಟ್ಟಬೇಕಾದರೆ ಐಜಿಎಚ್‌ವಿ1-2 ಎಂಬ ತುಂಡಿನ ನಿರ್ದಿಷ್ಟ ರೂಪವೇ ಬೇಕು. ಆ ಮನೆತನದ ಮೊದಲ ಮೊಳಕೆಯನ್ನು ಎಬ್ಬಿಸಲೆಂದು ರೂಪಿಸಿದ ಲಸಿಕೆಯ ಫಲಿತಾಂಶ 2022ರಲ್ಲಿ ಬಂತು. ಪಡೆದ 36 ಜನರಲ್ಲಿ 35 ಜನರಲ್ಲಿ ಮೊಳಕೆ ಎದ್ದಿತು. ಎದ್ದಿರದ ಒಬ್ಬರ ಪೆಟ್ಟಿಗೆಯಲ್ಲಿ ಆ ರೂಪದ ತುಂಡು ಇರಲಿಲ್ಲ. ಲಸಿಕೆಯನ್ನು ರೂಪಿಸುವವರು ಇನ್ನು ಮುಂದೆ ವೈರಸ್ಸಿನ ಮುಖವನ್ನು ಓದಿದಷ್ಟೇ ಶ್ರದ್ಧೆಯಿಂದ ಜನರ ಪೆಟ್ಟಿಗೆಗಳನ್ನೂ ಓದಬೇಕು.

ಕತ್ತರಿ ಇದ್ದಲ್ಲಿ ಕತ್ತರಿ ತಪ್ಪುವುದೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸತೀಸ್ ರಾಘವನ್ ಅವರ ಪ್ರಯೋಗಾಲಯ ಈ ಕತ್ತರಿ ಮತ್ತು ಬೆಸುಗೆಗಳನ್ನು ವರ್ಷಗಳಿಂದ ಓದುತ್ತಿದೆ. ಅದಕ್ಕೂ ಮೊದಲು ಅಮೆರಿಕದಲ್ಲಿ ಮೈಕೆಲ್ ಲೀಬರ್ ಅವರ ಜೊತೆಗಿದ್ದಾಗ, 2004ರಲ್ಲಿ, ರಾಘವನ್ ಒಂದು ಸೂಕ್ಷ್ಮವನ್ನು ಹೊರಗೆಳೆದರು. 18ನೇ ವರ್ಣತಂತುವಿನ ಬಿಸಿಎಲ್2 ಎಂಬ ವಂಶವಾಹಿಯ ಬಳಿ ಡಿಎನ್‌ಎ ತನ್ನ ಎಂದಿನ ತಿರುಚನ್ನು ಬಿಟ್ಟು ಬೇರೊಂದು ಆಕಾರ ತಾಳುತ್ತದೆ. ಗುರುತಿಲ್ಲದಿದ್ದರೂ ಆ ಆಕಾರಕ್ಕೆ ಸೋತು ರ‍್ಯಾಗ್ ಅಲ್ಲಿ ಕತ್ತರಿಸುತ್ತದೆ. ಆ ತುದಿ 14ನೇ ವರ್ಣತಂತುವಿಗೆ ಬೆಸೆದುಕೊಂಡರೆ ಲಿಂಫೋಮ ಕ್ಯಾನ್ಸರಿಗೆ ದಾರಿಯಾಗುತ್ತದೆ. ಇಷ್ಟು ಚೂಪಾದ ಕತ್ತರಿಯನ್ನು ಮೈಯೊಳಗೇ ಇಟ್ಟುಕೊಂಡು ಬಾಳುವ ಧೈರ್ಯವೂ ಈ ಕಲೆಯ ಒಂದು ಭಾಗ.

ಮತ್ತೆ ನನ್ನ ಹದಿಮೂರು ಅಕ್ಷರಕ್ಕೆ ಬರುತ್ತೇನೆ. ನೆಂಟರಲ್ಲದವರ ರಕ್ತದಲ್ಲೂ ಅವು ಸಿಕ್ಕಿದ್ದೇಕೆಂದು ಈಗ ಹೇಳಬಲ್ಲೆ. ಐದು ಅಕ್ಷರ ಪೆಟ್ಟಿಗೆಯಿಂದ ಹಾಗೇ ಬಂದವು. ಆರು ಅಕ್ಷರವೂ ಹಾಗೆಯೇ. ಆಕಸ್ಮಿಕ ಮಾಡಬೇಕಾದದ್ದು ನಡುವಿನ ಎರಡನ್ನು ಮಾತ್ರ, ಮತ್ತು ಆ ಎರಡಕ್ಕೆ ಡಿಎನ್‌ಎಯಲ್ಲಿ ಹಲವು ದಾರಿಗಳಿವೆ. ಒಬ್ಬರ ಕೈ ಹೆಚ್ಚು ಸವರಿ ಅಲ್ಲಿಗೆ ತಲುಪಬಹುದು, ಇನ್ನೊಬ್ಬರ ಕೈ ಒಂದು ಚಿಟಿಕೆ ಹೆಚ್ಚು ಹಾಕಿ ಅಲ್ಲಿಗೇ ತಲುಪಬಹುದು. ಎಚ್‌ಎಲ್‌ಎ-ಎ2 ಇದ್ದವರ ಥೈಮಸ್ ಅದನ್ನು ಒರೆಗೆ ಹಚ್ಚಿ ಹೂಂ ಅಂದಿತು. ಜ್ವರ ಬಂದಾಗ ಆ ಒಂದು ಕೋಶ ಸಾವಿರವಾಯಿತು, ಸಾವಿರ ಲಕ್ಷವಾಯಿತು.

ಹೇಳಿಕೊಳ್ಳಿ ನೀವೂ ಒಮ್ಮೆ, ಬಿಡುವು ಕೊಟ್ಟು. ಸಿ ಎ ಎಸ್ ಎಸ್ ಐ. ಇದು ಹಿರಿಯರದು. ಎಸ್ ವೈ ಇ ಕ್ಯೂ ವೈ ಎಫ್. ಇದೂ ಹಿರಿಯರದು. ನಡುವೆ, ಬೆರಳಿಗಷ್ಟೇ ತಿಳಿಯುವ ಏರಿನ ಮೇಲೆ, ಆರ್ ಎಸ್. ಅಕ್ಷರ ಆ ಕೋಶದ್ದು, ಕೈಗುಣ ಹಿರಿಯರದು. ಅಜ್ಜಿಯ ಸೀರೆ ಈಗ ನನ್ನ ಮಗಳ ಬೀರುವಿನಲ್ಲಿದೆ. ಮೊನ್ನೆ ಅವಳ ಬೆರಳನ್ನು ಹಿಡಿದು ಆ ಗೆರೆಯ ಮೇಲೆ ಓಡಿಸಿದೆ.